ಕೇಳದೆ ಬರುವ ದುಡ್ಡು

ನನ್ನ ತಂಗಿ ಹೊಸ ಕನ್ನಡಕ ಹಾಕಿಕೊಂಡು ನಮ್ಮ ಮನೆ ಬಾಗಿಲಿಗೆ ಬಂದ ದಿನ, ಹುಟ್ಟಿದಾಗಿನಿಂದ ಮೊದಲ ಸಲ, ನನಗೆ ಅವಳ ಮೇಲೆ ಹೊಟ್ಟೆಕಿಚ್ಚಾಯಿತು. ಚಿನ್ನದ ಬಣ್ಣದ ಫ್ರೇಮು, ತೆಳ್ಳಗಿನ ಗಾಜು. ನನ್ನ ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿಕೊಂಡಿದ್ದೆ. ಹೊಸದು ಮಾಡಿಸಿ ಅಂತ ಯಜಮಾನರಿಗೆ ಹೇಳಿದಾಗಲೆಲ್ಲ, ಇರೋದರಲ್ಲೇ ಕಾಣುತ್ತಲ್ಲ, ಮುಂದಿನ ವರ್ಷ ನೋಡೋಣ ಅನ್ನುತ್ತಿದ್ದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತ ಮನಸ್ಸಿನಲ್ಲೇ ಅವಳನ್ನು ಬೈದೆ. ಅವಳು ಚಪ್ಪಲಿ ಬಿಟ್ಟು ಒಳಗೆ ಬಂದವಳೇ ಸೋಫಾದ ಮೇಲೆ ಕೂತಳು. ಅದೂ ಮೊದಲ ಸಲವೇ.

ನಾವಿಬ್ಬರೂ ಕನಕಪುರದ ಆಚೆಯ ಒಂದು ಹಳ್ಳಿಯಲ್ಲಿ ಹುಟ್ಟಿದವರು. ನನ್ನನ್ನು ಹೊಸಕೆರೆಹಳ್ಳಿಗೆ ಕೊಟ್ಟರು, ಅವಳನ್ನು ನಮ್ಮ ಹಳ್ಳಿಯ ಪಕ್ಕದ ಊರಿಗೇ. ಆಗ ಅಲ್ಲೂ ರಾಗಿ ಹೊಲ, ಇಲ್ಲೂ ರಾಗಿ ಹೊಲ. ನಾನೂ ಸೆಗಣಿ ಬಾಚಿದವಳೇ. ಆಮೇಲೆ ಬೆಂಗಳೂರು ನಡೆದುಕೊಂಡು ನಮ್ಮ ಹೊಲದವರೆಗೂ ಬಂತು, ಅವಳ ಊರಿನ ಕಡೆ ಹೋಗಲಿಲ್ಲ. ನಮ್ಮ ಜಾಗದಲ್ಲಿ ಮೂರು ಅಂತಸ್ತು ಎದ್ದವು, ಬಾಡಿಗೆಗೆ ಜನ ಬಂದರು, ನಾನು ಎಲ್ಲರ ಬಾಯಲ್ಲಿ ಓನರ್ ಆಂಟಿ ಆದೆ. ಅವಳು ಕಂಡವರ ಹೊಲದಲ್ಲಿ ಕಳೆ ಕೀಳುತ್ತಲೇ ಇದ್ದಳು. ಇದರಲ್ಲಿ ನನ್ನ ಸಾಮರ್ಥ್ಯ ಒಂದು ಚೂರೂ ಇರಲಿಲ್ಲ. ಆದರೂ ಎಲ್ಲ ನಾನೇ ದುಡಿದು ತಂದವಳ ಹಾಗೆ ಓಡಾಡಿಕೊಂಡಿದ್ದೆ.

ವರ್ಷಕ್ಕೆ ನಾಲ್ಕಾರು ಸಲ ಅವಳು ನಮ್ಮ ಮನೆಗೆ ಬರುತ್ತಿದ್ದಳು. ಬರುವಾಗ ಸೊಪ್ಪೋ, ಹುಣಸೆಹಣ್ಣೋ, ಏನಾದರೊಂದು ತರುತ್ತಿದ್ದಳು. ಬಂದವಳು ಕೈಕಾಲು ತೊಳೆದು ಸೀದಾ ಅಡುಗೆಮನೆಯ ನೆಲದ ಮೇಲೆ ಕೂತು ಕೆಲಸ ಹಿಡಿಯುತ್ತಿದ್ದಳು. ಅವರೆಕಾಯಿ ಕಾಲದಲ್ಲಂತೂ ನಾನು ಕಾಳು ನೆನೆಹಾಕಿಕೊಂಡೇ ಅವಳ ದಾರಿ ಕಾಯುತ್ತಿದ್ದೆ. ನೆನೆದ ಕಾಳನ್ನು ಒಂದೊಂದಾಗಿ ಹೆಬ್ಬೆರಳಲ್ಲಿ ಹಿತುಕಿ ಸಿಪ್ಪೆ ಬಿಡಿಸುವುದು ತಾಳ್ಮೆಯ ಕೆಲಸ, ನನಗೆ ತಾಳ್ಮೆ ಇಲ್ಲ. ಪಾತ್ರೆ ತುಂಬಿದ ಮೇಲೆ, ಭಾವ ಮನೆಯಲ್ಲಿಲ್ಲ ಅನ್ನುವುದು ಖಾತ್ರಿಯಾದ ಮೇಲೆ, ತಲೆ ಎತ್ತದೆ ಕೇಳುತ್ತಿದ್ದಳು. ಗಂಡನ ಮಾತ್ರೆಗೆ, ಮೊಮ್ಮಗಳ ಶಾಲೆಗೆ, ಸೋರುವ ಶೀಟಿಗೆ.

ನಾನು ತಕ್ಷಣ ಹೂಂ ಅನ್ನುತ್ತಿರಲಿಲ್ಲ. ಮೊದಲು ಒಂದಿಷ್ಟು ಬುದ್ಧಿ ಹೇಳುತ್ತಿದ್ದೆ. ಮಗನನ್ನು ಹದ್ದುಬಸ್ತಿನಲ್ಲಿಡು, ಹಬ್ಬಕ್ಕೆ ಅಷ್ಟು ಖರ್ಚು ಯಾಕೆ, ಹೀಗೆ. ಮಾರನೇ ದಿನ ಹೊರಡುವಾಗ ಅವಳ ಮಡಿಲಿಗೆ ಅಕ್ಕಿ, ತೆಂಗಿನಕಾಯಿ, ನಾನು ಉಟ್ಟು ಬಿಟ್ಟ ಒಂದು ಸೀರೆ ಹಾಕುತ್ತಿದ್ದೆ. ಸೀರೆಯ ಮಡಿಕೆಯಲ್ಲಿ ದುಡ್ಡು ಇರುತ್ತಿತ್ತು. ಅಪ್ಪ ಅಮ್ಮ ಹೋದ ಮೇಲೆ ಅವಳಿಗೆ ತವರು ಅಂದರೆ ನಾನೇ. ಅವಳು ಕಾಲು ಮುಟ್ಟಿ ನಮಸ್ಕಾರ ಮಾಡುವ ಆ ಗಳಿಗೆ ನನಗೆ ಬಹಳ ಹಿಡಿಸುತ್ತಿತ್ತು. ಸುಳ್ಳು ಯಾಕೆ ಹೇಳಲಿ.

ಅಷ್ಟರಲ್ಲಿ ಸರ್ಕಾರ ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ ಎರಡು ಸಾವಿರ ಹಾಕಲು ಶುರು ಮಾಡಿತು. ಹೆಂಗಸರಿಗೆ ಬಸ್ಸೂ ಪುಕ್ಕಟೆ ಆಯಿತು. ನಮ್ಮ ಯಜಮಾನರು ತೆರಿಗೆ ಕಟ್ಟುವವರಾದ್ದರಿಂದ ಆ ದುಡ್ಡು ನನಗೆ ಬರಲಿಲ್ಲ, ತಂಗಿಗೆ ಬಂತು. ನನ್ನ ತೆರಿಗೆ ದುಡ್ಡನ್ನ ಊರಿಗೆಲ್ಲ ಹಂಚ್ತಾರೆ ಅಂತ ಅವರು ದಿನಾ ಟೀವಿ ಮುಂದೆ ಕೂತು ಗೊಣಗುತ್ತಿದ್ದರು. ನನಗೇನೂ ಅನ್ನಿಸಲಿಲ್ಲ. ಬೇಸಿಗೆಯಲ್ಲಿ ನಮ್ಮ ಮನೆಯ ನೀರಿನ ಟ್ಯಾಂಕರಿಗೇ ಸಾಲದ ದುಡ್ಡು, ಅದರಿಂದ ಯಾರ ಬಾಳು ಬದಲಾಗುತ್ತೆ ಅಂದುಕೊಂಡೆ. ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ ಅಂತ ಅವಳಿಗಾಗಿ ಕಾದೆ. ಗೌರಿ ಹಬ್ಬಕ್ಕೆ ಬರಲಿಲ್ಲ, ದೀಪಾವಳಿಗೆ ಬರಲಿಲ್ಲ. ಅವರೆಕಾಯಿ ಕಾಲವೂ ಬಂದು ಹೋಯಿತು. ಕಾಳನ್ನು ನಾನೇ ಹಿತುಕಿದೆ, ಹೆಬ್ಬೆರಳು ವಾರಗಟ್ಟಲೆ ನೋಯಿತು.

ಅಂಥದರಲ್ಲಿ ಈ ಕನ್ನಡಕ ಹಾಕಿಕೊಂಡು ಬಂದಿದ್ದಳು. ಏನು ಕಷ್ಟ ಬಂತೋ ಅಂತ ಒಳಗೊಳಗೇ ಸಮಾಧಾನದಿಂದಲೇ ಕಾಫಿ ಕೊಟ್ಟೆ. ಅವಳು ಕಷ್ಟ ಹೇಳಲಿಲ್ಲ. ಕಾಫಿಗೆ ಸಕ್ಕರೆ ಜಾಸ್ತಿ ಆಯಿತು ಅಂದಳು.

ಆಮೇಲೆ ಊರಿನ ಸುದ್ದಿ ಹೇಳಿದಳು. ಜ್ವರ ಬಂದ ದಿನ ಈಗ ಕೂಲಿಗೆ ಹೋಗುವುದಿಲ್ಲವಂತೆ, ಮಲಗುತ್ತಾಳಂತೆ. ಎಣ್ಣೆಯನ್ನು ಸಣ್ಣ ಪೊಟ್ಟಣದಲ್ಲಿ ತರುವ ಬದಲು ಲೀಟರುಗಟ್ಟಲೆ ತರುತ್ತಾಳಂತೆ. ಮೊದಲು ಇವಳನ್ನು ಕಂಡರೆ ಮುಖ ತಿರುಗಿಸುತ್ತಿದ್ದ ಅಂಗಡಿಯವನು ಈಗ ಬಾ ಅಕ್ಕ, ಏನ್ ಕೊಡ್ಲಿ ಅನ್ನುತ್ತಾನಂತೆ. ಎರಡು ಮೇಕೆ ತಂದಿದ್ದಾಳೆ. ಮಗ ದುಡ್ಡು ಕೇಳಿದರೆ ಯಾಕೆ ಅಂತ ವಿಚಾರಿಸಿ ಕೊಡುತ್ತಾಳೆ, ಕೆಲವು ಸಲ ಕೊಡುವುದಿಲ್ಲ. ದುಡ್ಡು ಒಂದೊಂದು ತಿಂಗಳು ತಡವಾಗುವುದೂ ಉಂಟು, ಆಗ ಎಲ್ಲ ಹೆಂಗಸರೂ ಬ್ಯಾಂಕಿನ ಮುಂದೆ ಹೋಗಿ ನಿಲ್ಲುತ್ತಾರಂತೆ. ಅದನ್ನೂ ಅವಳು ನಗುತ್ತಲೇ ಹೇಳಿದಳು.

ನನಗೆ ತಡೆಯಲಿಲ್ಲ. ಎರಡು ಸಾವಿರಕ್ಕೆ ಇಷ್ಟೊಂದು ಮೆರೀತೀಯಲ್ಲೇ ಅಂದುಬಿಟ್ಟೆ.

ಅವಳಿಗೆ ಕೋಪ ಬರಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. "ಎರಡ್ ಸಾವ್ರ ಏನ್ ಮಹಾ ಅಲ್ಲ ಕಣಕ್ಕ. ಕೇಳ್ದೆ ಬರುತ್ತಲ್ಲ, ಅದೇ ದೊಡ್ಡದು" ಅಂದಳು.

ಆ ಮಾತು ನನಗೆ ಎಲ್ಲಿ ನಾಟಬೇಕೋ ಅಲ್ಲೇ ನಾಟಿತು. ನಮ್ಮ ಮನೆಯಲ್ಲಿ ಬಾಡಿಗೆ ಬೀಳುವುದು ಯಜಮಾನರ ಫೋನಿಗೆ. ತಿಂಗಳ ಮೊದಲ ವಾರ ಅದು ಟಿಂಗ್ ಟಿಂಗ್ ಅನ್ನುತ್ತಲೇ ಇರುತ್ತದೆ. ನಾನು ಮೆಟ್ಟಿಲು ತೊಳೆಸುತ್ತೇನೆ, ಮೋಟರ್ ಹಾಕುತ್ತೇನೆ, ಬಾಡಿಗೆದಾರರ ಜಗಳ ಬಿಡಿಸುತ್ತೇನೆ. ದುಡ್ಡು ಬೇಕಾದರೆ ಕೇಳಬೇಕು. ಅವರು ಇಲ್ಲ ಅಂದವರಲ್ಲ, ಕೆಟ್ಟವರೂ ಅಲ್ಲ. ಆದರೆ ಯಾಕೆ, ಎಷ್ಟು, ಮೊನ್ನೆ ಕೊಟ್ಟಿದ್ದು ಏನಾಯ್ತು, ಇಷ್ಟೂ ಆದ ಮೇಲೆಯೇ ಪರ್ಸು ಹೊರಗೆ ಬರುವುದು. ಅದಕ್ಕೇ ಕೇಳಬೇಕಾದ ದಿನ ನಾನು ಹಿತಕಿದ ಬೇಳೆ ಸಾರು ಮಾಡುತ್ತೇನೆ. ಅವರು ಉಂಡು ತೇಗಿದ ಮೇಲೆ ಬಾಯಿ ಬಿಡುತ್ತೇನೆ. ತಂಗಿಯ ಮಡಿಲಿಗೆ ಬೀಳುತ್ತಿದ್ದದ್ದೂ ಹಾಗೆ ಕೇಳಿ ಪಡೆದ ದುಡ್ಡೇ. ಅವಳು ಕಾಳು ಹಿತುಕಿ ನನ್ನನ್ನು ಕೇಳುತ್ತಿದ್ದಳು, ಅದೇ ಕಾಳಿನ ಸಾರು ಮಾಡಿ ನಾನು ಅವರನ್ನು ಕೇಳುತ್ತಿದ್ದೆ. ಈಗ ಅವಳು ಆ ಕೇಳುವವರ ಸಾಲಿನಿಂದ ಎದ್ದು ಹೋಗಿದ್ದಳು. ನಾನೊಬ್ಬಳೇ ಉಳಿದುಕೊಂಡಿದ್ದೆ.

ಅವಳು ಬಂದ ಕಾರಣ ರಾತ್ರಿ ಊಟಕ್ಕೆ ಕೂತಾಗ ಹೊರಬಿತ್ತು. ಅವರ ಓಣಿಯ ಹೆಂಗಸರೆಲ್ಲ ಸೇರಿ ಮಾದಪ್ಪನ ಬೆಟ್ಟಕ್ಕೆ ಹೋಗುತ್ತಿದ್ದರು. ಬಸ್ಸು ಹೇಗೂ ಪುಕ್ಕಟೆ. ರೂಮಿಗೆ, ಊಟಕ್ಕೆ, ಪೂಜೆಗೆ ತಲೆಗೆ ಒಂದೂವರೆ ಸಾವಿರ. ನೀನೂ ಬಾ ಅಕ್ಕ ಅಂತ ಕರೆಯಲು ಬಂದಿದ್ದಳು. ಚಿಕ್ಕವಳಿದ್ದಾಗ ಅಪ್ಪನ ಹೆಗಲ ಮೇಲೆ ಒಂದು ಸಲ ಹೋಗಿದ್ದೆ, ಆಮೇಲೆ ಆಗಿರಲಿಲ್ಲ. ನನಗೆ ಹೋಗಬೇಕು ಅಂತ ಬಹಳ ಆಸೆಯಾಯಿತು. ಎದುರಿಗೆ ಯಜಮಾನರು ಉಣ್ಣುತ್ತಿದ್ದರು. ಅವರು ತಲೆ ಎತ್ತಲಿಲ್ಲ. ಇವಳ ಮುಂದೆ ಅವರನ್ನು ಕೇಳುವುದೇ? ಮಂಡಿ ನೋವು, ನನ್ನ ಕೈಲಿ ಆಗಲ್ಲ ಅಂದೆ.

ಬೆಳಿಗ್ಗೆ ಅವಳಿಗೆ ಮಡಿಲು ತುಂಬಿದೆ. ಹೊಟ್ಟೆಕಿಚ್ಚಿಗೆ ಬೇಕಂತಲೇ ಬೀರುವಿನ ಅಡಿಯಿಂದ ಅಂಚು ಹರಿದ ಸೀರೆ ಹುಡುಕಿ ತೆಗೆದು ಹಾಕಿದೆ. ಅವಳು ಅಕ್ಕಿ, ಕಾಯಿ ಕಣ್ಣಿಗೊತ್ತಿಕೊಂಡಳು. ಸೀರೆಯನ್ನು ಬಿಡಿಸಿ ನೋಡಿ, ಇದು ನೆಲ ಒರೆಸೋಕೆ ಚೆನ್ನಾಗಿರುತ್ತೆ, ನೀನೇ ಇಟ್ಕೋ ಅಂತ ವಾಪಸ್ ಕೊಟ್ಟಳು. ಆಮೇಲೆ ರವಿಕೆಯೊಳಗಿನ ಪುಟ್ಟ ಪರ್ಸು ತೆಗೆದು ಮೂರು ಐನೂರರ ನೋಟು ನನ್ನ ಅಂಗೈಗಿಟ್ಟು ಬೆರಳು ಮಡಿಸಿದಳು.

"ಮಂಡಿ ನೋವು ಅಂತ ಸುಳ್ಳು ಹೇಳ್ಬೇಡ. ಇದಕ್ಕೂ ಭಾವನ್ನ ಕೇಳ್ಬೇಡ" ಅಂದಳು.

ಅಡುಗೆಮನೆಯ ನೆಲದ ಮೇಲೆ ಅಷ್ಟು ವರ್ಷ ಕೂತವಳಿಗೆ ನಡುಮನೆಯ ಮಾತೆಲ್ಲ ಕೇಳಿಸಿದೆ ಅನ್ನುವುದು ನನಗೆ ಹೊಳೆದೇ ಇರಲಿಲ್ಲ. ನಾನು ಹೇಗೆ ಕೇಳುತ್ತಿದ್ದೆ, ಅವರು ಏನು ಅನ್ನುತ್ತಿದ್ದರು, ಎಲ್ಲ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಬುದ್ಧಿಮಾತಿಗೆ ಹೂಂ ಅಂದಿದ್ದಳು, ಕಾಲಿಗೂ ಬಿದ್ದಿದ್ದಳು. ನನಗೆ ನಾಚಿಕೆ ಆಗಬೇಕಿತ್ತು. ಆಯಿತು ಕೂಡ, ಆದರೆ ಉರಿ ಅದಕ್ಕಿಂತ ಜಾಸ್ತಿ ಇತ್ತು. ಅಕ್ಕನಿಗೆ ಕೊಡುವಷ್ಟು ದೊಡ್ಡವಳಾದಳಲ್ಲ ಅಂತ. ನೋಟನ್ನು ಅವಳ ಮುಖಕ್ಕೇ ಎಸೆಯಬೇಕು ಅನ್ನಿಸಿತು, ಬೆರಳು ಬಿಚ್ಚಲಿಲ್ಲ.

ಆ ದಿನ ನಾನು ಹಿತಕಿದ ಬೇಳೆ ಸಾರು ಮಾಡಲಿಲ್ಲ. ನಿನ್ನೆಯ ಸಾರನ್ನೇ ಬಿಸಿ ಮಾಡಿ ಬಡಿಸಿ, ಮಾದಪ್ಪನ ಬೆಟ್ಟಕ್ಕೆ ಹೋಗ್ತಿದೀನಿ ಅಂದೆ. ದುಡ್ಡು ಎಲ್ಲಿಂದ ಬಂತು ಅಂತ ಅವರು ಕೇಳಿದರು. ತಂಗಿ ಕೊಟ್ಟಳು ಅಂದೆ. ಅವರು ನಕ್ಕರು.

"ಅದೂ ನನ್ನ ತೆರಿಗೆ ದುಡ್ಡೇ ಅಲ್ವೇನೇ?"

"ಇರಬಹುದು. ಅವಳು ನಿಮ್ಮನ್ನ ಕೇಳಿ ಇಸ್ಕೊಂಡಿಲ್ಲ" ಅಂದೆ.

ಅವರ ನಗು ನಿಂತಿತು. ನಾನು ಎದ್ದು ಹೋಗಿ ಕೈ ತೊಳೆದುಕೊಂಡೆ.

ಹೊರಡುವ ದಿನ ಬನಶಂಕರಿಯಲ್ಲಿ ಬಸ್ಸು ಹತ್ತಿ ಕನಕಪುರಕ್ಕೆ ಹೋದೆ. ಅಲ್ಲಿ ಬಸ್ ನಿಲ್ದಾಣದಲ್ಲಿ ಅವಳ ಓಣಿಯ ಹೆಂಗಸರೆಲ್ಲ ಹೂ ಮುಡಿದು ನಿಂತಿದ್ದರು. ಬೆಟ್ಟದ ಬಸ್ಸು ಬಂದಾಗ ತಂಗಿ ಎಲ್ಲರಿಗಿಂತ ಮೊದಲು ಹತ್ತಿ ಕಿಟಕಿ ಪಕ್ಕದ ಸೀಟು ಹಿಡಿದಳು. ಚಿಕ್ಕಂದಿನಲ್ಲಿ ಗಾಡಿಯಲ್ಲಾಗಲಿ ಬಸ್ಸಿನಲ್ಲಾಗಲಿ ಆ ಜಾಗ ನನ್ನದೇ, ಅಕ್ಕ ಅನ್ನುವ ಒಂದೇ ಅಧಿಕಾರದ ಮೇಲೆ. ಬಸ್ಸು ಹೊರಟಿತು. ಗಾಳಿಗೆ ಅವಳ ಸೆರಗು ಹಾರುತ್ತಿತ್ತು, ಹೊಸ ಕನ್ನಡಕದಲ್ಲಿ ಹೊಲ, ತೋಟ, ಅಂಗಡಿ ಬೋರ್ಡು ಎಲ್ಲ ಓದಿಕೊಂಡು ಕೂತಿದ್ದಳು. ನನಗೆ ಮುಂದಿನ ಸೀಟಿನ ಕಂಬಿ ಮಾತ್ರ ಕಾಣುತ್ತಿತ್ತು. ಕೊನೆಗೆ ತಡೆಯಲಾರದೆ, ಸ್ವಲ್ಪ ಹೊತ್ತು ಕಿಟಕಿ ಸೀಟು ನನಗೆ ಕೊಡೇ ಅಂತ ಕೇಳಿದೆ.

ಅವಳು ಹೊರಗೆ ನೋಡುತ್ತಲೇ, ಕೊಳ್ಳೇಗಾಲ ದಾಟಲಿ ನೋಡೋಣ ಅಂದಳು.