ಕಲ್ಲಿನ ಬೆನ್ನಿಗಂಟಿದ ಮಣ್ಣು

2024ರ ಮೇ 19, ಭಾನುವಾರ, ಮಧ್ಯಾಹ್ನ 3 ಗಂಟೆ 10 ನಿಮಿಷ. ವಾರಾಣಸಿಯ ಕೇದಾರ ಘಾಟಿನ ಹತ್ತಿರದ ಗಲ್ಲಿಯಲ್ಲಿರುವ ಕನ್ನಡ ಯಾತ್ರಿಕರ ಹಳೆಯ ಛತ್ರವೊಂದರ ಮುಂಗೋಡೆಯಿಂದ ಏಳು ಕಿಲೋ ತೂಕದ ಕಲ್ಲೊಂದು ಕಳಚಿ, ಇಪ್ಪತ್ತಾರು ಅಡಿ ಕೆಳಗಿನ ಕಟ್ಟೆಯ ಮೇಲೆ ಬಿದ್ದು ಮೂರು ಹೋಳಾಯಿತು. ಯಾರಿಗೂ ಪೆಟ್ಟಾಗಲಿಲ್ಲ. ದಿನಾ ಸಂಜೆ ನಾಲ್ಕೂವರೆಗೆ ಆ ಕಟ್ಟೆಯ ಮೇಲೆ ಬಂದು ಕೂರುವ ಸೀತಮ್ಮನವರು ಆಗ ಒಳಗೆ ಮಲಗಿದ್ದರು. ಬಿದ್ದ ಕಲ್ಲಿನ ನಂಬರು 388. ಆ ನಂಬರು ಬರೆದವಳು ನಾನು. ಎದುರು ನಿಂತು ಅದನ್ನು ಗೋಡೆಗೆ ಕೂರಿಸಿದವಳೂ ನಾನೇ.

ಆಗ ನನಗೆ ಇಪ್ಪತ್ತಾರು ವರ್ಷ. ದಾವಣಗೆರೆಯಲ್ಲಿ ಸಿವಿಲ್ ಇಂಜಿನಿಯರಿಂಗ್ ಮುಗಿಸಿ, ಒಂದು ಸಣ್ಣ ಕಾಂಟ್ರಾಕ್ಟ್ ಕಂಪನಿಯ ಸೈಟ್ ಇಂಜಿನಿಯರಾಗಿ ಕಾಶಿಗೆ ಬಂದು ಒಂದೂವರೆ ವರ್ಷವಾಗಿತ್ತು. ವಿಶ್ವವಿದ್ಯಾಲಯದ ಗೇಟಿನಾಚೆ ಲಂಕಾ ಬಡಾವಣೆಯಲ್ಲಿ ಬಾಡಿಗೆ ಕೋಣೆ. ದಿನದ ಕೆಲಸವನ್ನು, ಆಳುಗಳ ಹಾಜರಿಯನ್ನು, ಕೂರಿಸಿದ ಕಲ್ಲುಗಳ ಲೆಕ್ಕವನ್ನು ಡೈರಿಯಲ್ಲಿ ಬರೆಯುವುದು ನನ್ನ ಅಭ್ಯಾಸ. ಈ ಬರಹದ ತಾರೀಖುಗಳೆಲ್ಲ ಅದರಿಂದಲೇ ತೆಗೆದವು.

ಕೆಲಸ ಶುರುವಾದದ್ದು ಅದರ ಹಿಂದಿನ ವರ್ಷ ಅಕ್ಟೋಬರ್ 9ರ ಸೋಮವಾರ, ಬೆಳಿಗ್ಗೆ 8.40ಕ್ಕೆ. ಛತ್ರದ ಮುಂಗೋಡೆ ಲಖೌರಿ ಇಟ್ಟಿಗೆಯದು. ಲಖೌರಿ ಎಂದರೆ ಬೆರಳ ದಪ್ಪದ, ಸುಣ್ಣದ ಗಾರೆಯಲ್ಲಿ ಕಟ್ಟಿದ ಹಳೆಯ ಕಾಲದ ತೆಳು ಇಟ್ಟಿಗೆ. ಅದು ಉದುರತೊಡಗಿದ್ದರಿಂದ ಮೇಲೆ ಚುನಾರಿನ ಮರಳುಗಲ್ಲಿನ ಹೊದಿಕೆ, ಅಂದರೆ ಕ್ಲ್ಯಾಡಿಂಗ್, ಹಾಕಬೇಕೆಂದು ತೀರ್ಮಾನವಾಗಿತ್ತು. ಚೌಕದ ಕಲ್ಲಲ್ಲ, ಒಂದೊಂದೂ ಒಂದೊಂದು ಆಕಾರದ ಒಡಕು ಚಪ್ಪಡಿ. ಅವನ್ನು ಮೊದಲು ತಾರಸಿಯ ಮೇಲೆ ಹರಡಿ, ಒಂದರ ಮೂಲೆಗೆ ಇನ್ನೊಂದರ ಮೂಲೆ ಹೊಂದಿಸಿ, ಮುಖದ ಮೇಲೆ ಸೀಮೆಸುಣ್ಣದಲ್ಲಿ ನಂಬರು ಬರೆದು, ಅದನ್ನು ಗೋಡೆಯ ನಕ್ಷೆಯಲ್ಲೂ ಗುರುತು ಮಾಡಿಕೊಂಡು, ಅದೇ ಕ್ರಮದಲ್ಲಿ ಗೋಡೆಗೆ ಏರಿಸುತ್ತಿದ್ದೆವು. ಮುಂಗೋಡೆಗೆ 617 ಕಲ್ಲು, ಪಕ್ಕದ ಓಣಿಗೋಡೆಗೆ 96.

ಮುಖ್ಯ ಮಿಸ್ತ್ರಿ ರಾಮ್‌ಧನಿ ಚುನಾರಿನವರು. ಮೂವತ್ತು ವರ್ಷ ಕಲ್ಲಿನಲ್ಲೇ ಬದುಕಿದವರು. ಮರಳುಗಲ್ಲನ್ನು ಒಣಗಿದ್ದ ಹಾಗೇ ಅಂಟಿಸಿದರೆ ಅದು ಗಾರೆಯ ನೀರನ್ನು ಹೀರಿ ಗಾರೆಯನ್ನು ಸಾಯಿಸುತ್ತದೆ, ಆದ್ದರಿಂದ ಮೊದಲು ಕಲ್ಲಿಗೆ ನೀರು ಕುಡಿಸಬೇಕು ಎಂದು ಅವರು ಮೊದಲ ದಿನವೇ ಹೇಳಿದರು. ಅದು ಸರಿಯಾದ ಮಾತು.

ಛತ್ರದಲ್ಲಿ ಆಗ ಆರು ಜನ ಕಾಶೀವಾಸಿ ಹೆಂಗಸರಿದ್ದರು. ಅವರಲ್ಲಿ ಹಿರಿಯರು ಅರಸೀಕೆರೆ ಕಡೆಯ ಸೀತಮ್ಮ. 2013ರ ಸಂಕ್ರಾಂತಿಯ ದಿನ ಬಂದವರು, ಇನ್ನು ಸಾಯುವತನಕ ವರುಣಾ ಮತ್ತು ಅಸಿ ನದಿಗಳ ನಡುವಿನ ಕಾಶಿಯನ್ನು ದಾಟುವುದಿಲ್ಲ ಎಂದು ಸಂಕಲ್ಪ ಮಾಡಿದ್ದರು. ಕ್ಷೇತ್ರ ಸಂನ್ಯಾಸ ಎನ್ನುತ್ತಾರೆ. ಗಡಿಯೊಳಗೇ ಉಸಿರು ಹೋದರೆ ಮುಕ್ತಿ. ಒಂದು ಸಲ ದಾಟಿದರೆ ವ್ರತ ಮುರಿಯಿತು. ಅವರು ದಿನ ಎಣಿಸುತ್ತಿದ್ದರು. ಬೆಳಿಗ್ಗೆ ಸ್ನಾನ ಮುಗಿಸಿ ಬಂದವರೇ, "ಇವತ್ತು ಮೂರು ಸಾವಿರದ ಒಂಬೈನೂರ ಇಪ್ಪತ್ತೊಂದು. ಮೂಲೇಲಿ ಬರ್ಕೊ," ಎನ್ನುವರು. ನಾನು ತಮಾಷೆಗೆ ಡೈರಿಯ ಮೂಲೆಯಲ್ಲಿ ಬರೆದುಕೊಳ್ಳುತ್ತಿದ್ದೆ. "ನೀನು ಕಲ್ಲೆಣಿಸ್ತೀಯ, ನಾನು ದಿನ ಎಣಿಸ್ತೀನಿ. ನಮ್ಮಿಬ್ಬರಿಗೂ ಬೇರೆ ಕಸುಬಿಲ್ಲ ಕಣೇ," ಎಂದು ಒಮ್ಮೆ ಅಂದಿದ್ದರು.

ಎರಡನೆಯ ದಿನ ಅವರೇ ಒಂದು ಕೋರಿಕೆ ಇಟ್ಟರು. ಹೇಗೂ ಕಲ್ಲಿಗೆ ನೀರು ಕುಡಿಸಬೇಕಲ್ಲ, ಆ ನೀರು ಗಂಗೆಯದೇ ಆಗಲಿ. ಕಾಶಿಯ ಗೋಡೆಯ ಕಲ್ಲು ಮಿಂದೇ ಏರಲಿ. ಆರೂ ಜನ ಘಾಟಿನಿಂದ ತಂಬಿಗೆ, ಕೊಡಗಳಲ್ಲಿ ನೀರು ಹೊತ್ತು ತರುತ್ತೇವೆ ಎಂದರು. ರಾಮ್‌ಧನಿ ಕೈಮುಗಿದು ಒಪ್ಪಿದರು. ನಾನೂ ಒಪ್ಪಿದೆ. ನೀಲಿ ಡ್ರಮ್ಮೊಂದನ್ನು ಉದ್ದಕ್ಕೆ ಸೀಳಿ ತೊಟ್ಟಿ ಮಾಡಿದೆವು. ಅದರಲ್ಲಿ ಕಲ್ಲುಗಳನ್ನು ಮಲಗಿಸಿ, ಅರ್ಧ ಗಂಟೆ ಬಿಟ್ಟು ಎತ್ತಿ, ಮುಖವನ್ನು ಬಟ್ಟೆಯಿಂದ ಒರೆಸಿ, ಅಳಿಸಿದ ನಂಬರನ್ನು ನಕ್ಷೆ ನೋಡಿ ಮತ್ತೆ ಬರೆದು, ನೆರಳಲ್ಲಿ ಆರಿಸಿ ಗಾರೆ ಹಚ್ಚುವುದು. ಡೈರಿಯಲ್ಲಿ ಒಂದು ಹೊಸ ಕಾಲಂ ಹಾಕಿದೆ: ಸ್ನಾನವಾದ ಕಲ್ಲು. ಅಕ್ಟೋಬರ್ 10, 18. ಅಕ್ಟೋಬರ್ 11, 20. ಹೀಗೇ ಸಾಗಿತು. ನವೆಂಬರ್ 6, 7, 8ರಂದು ಮಾತ್ರ ಆ ಕಾಲಂ ಖಾಲಿ. ಸೀತಮ್ಮನವರಿಗೆ ಜ್ವರ, ಉಳಿದವರು ಅವರ ಆರೈಕೆಯಲ್ಲಿದ್ದರು. ಆ ಮೂರು ದಿನ ಕಲ್ಲುಗಳಿಗೆ ನಲ್ಲಿಯ ಪೈಪಿನಿಂದ ನೀರು ಹಿಡಿದೆವು. ಮುಂಗೋಡೆ ನವೆಂಬರ್ 15ಕ್ಕೆ ಮುಗಿಯಿತು, ಓಣಿಗೋಡೆ 22ಕ್ಕೆ. ಗೋಡೆ ಬಹಳ ಚೆನ್ನಾಗಿ ಕಾಣುತ್ತಿತ್ತು. ಸಂಜೆಯ ಬಿಸಿಲಿಗೆ ಜೇನಿನ ಬಣ್ಣಕ್ಕೆ ತಿರುಗುತ್ತಿತ್ತು.

ಕಲ್ಲು ಬಿದ್ದ ಮರುದಿನ, ಮೇ 20ರಂದು, ಸಾರುವೆ ಕಟ್ಟಿಸಿ ರಾಮ್‌ಧನಿಯೂ ನಾನೂ ಒಂದೊಂದೇ ಕಲ್ಲನ್ನು ಮರದ ಸುತ್ತಿಗೆಯಿಂದ ತಟ್ಟುತ್ತ ಹೋದೆವು. ಗಾರೆಗೆ ಗಟ್ಟಿಯಾಗಿ ಅಂಟಿದ ಕಲ್ಲು ಮೊಂಡಾಗಿ ಸದ್ದು ಮಾಡುತ್ತದೆ. ಬೆನ್ನಲ್ಲಿ ಗಾರೆ ಬಿಟ್ಟುಕೊಂಡ ಕಲ್ಲು ಖಾಲಿ ಡಬ್ಬದ ಹಾಗೆ ಸದ್ದು ಮಾಡುತ್ತದೆ. ಮಿಸ್ತ್ರಿಗಳು ಅದಕ್ಕೆ ಪೋಲಾ ಎನ್ನುತ್ತಾರೆ. ರಾಮ್‌ಧನಿ ಮೇಲಿನಿಂದ "ಪೋಲಾ" ಎಂದು ಕೂಗುವುದು, ನಾನು ನಕ್ಷೆಯಲ್ಲಿ ಆ ನಂಬರಿಗೆ ಸುತ್ತು ಹಾಕುವುದು. ಆ ದಿನ 61. ಮೇ 27ಕ್ಕೆ 104. ಹಗಲು ನಲವತ್ತೈದು ಡಿಗ್ರಿಗೆ ಕಾದು ಹಿಗ್ಗುವ ಕಲ್ಲು ರಾತ್ರಿ ಕುಗ್ಗುತ್ತದೆ; ಹಿಡಿತ ಸಡಿಲವಿದ್ದಲ್ಲಿ ದಿನದಿನಕ್ಕೂ ಬಿಡುತ್ತಾ ಹೋಗುತ್ತದೆ. ಜೂನ್ 1ರಂದು ಇನ್ನೆರಡು ಬಿದ್ದವು. ಜೂನ್ 3ಕ್ಕೆ 163.

ಗೋಡೆಯನ್ನು ಉಳಿಸಲು ಮಾಡಿದ್ದನ್ನೂ ಬರೆಯುತ್ತೇನೆ. ಹನ್ನೆರಡು ಕಲ್ಲುಗಳಿಗೆ ಸಣ್ಣ ತೂತು ಕೊರೆದು ಹಿಂದಿನ ಟೊಳ್ಳಿಗೆ ಎಪಾಕ್ಸಿ ಅಂಟು ತುಂಬಲು ನೋಡಿದೆವು. ನಾಲ್ಕು ಕೊರೆಯುವಾಗಲೇ ಕಳಚಿ ಕೈಗೆ ಬಂದವು, ಉಳಿದ ಎಂಟೂ ಒಂದೇ ವಾರದೊಳಗೆ ಮತ್ತೆ ಪೋಲಾ ಆದವು. ಕಲ್ಲಿನ ಮುಖದಿಂದಲೇ ಸ್ಟೀಲ್ ಪಿನ್ ಹೊಡೆದು ಹಿಂದಿನ ಗೋಡೆಗೆ ಬಿಗಿಯುವ ಕ್ರಮವೊಂದಿದೆ. ಆದರೆ ಡ್ರಿಲ್ ತಾಗಿದೊಡನೆ ಲಖೌರಿ ಇಟ್ಟಿಗೆ ಹಿಟ್ಟಿನಂತೆ ಸುರಿಯಿತು. ಪಿನ್ನು ಕೈಯಲ್ಲಿ ಎಳೆದರೆ ಬರುತ್ತಿತ್ತು.

ಅದೇ ಜೂನ್ 3ರ ಸಂಜೆ ನಾನು ಪೋಲಾ ನಂಬರುಗಳನ್ನು ಡೈರಿಯ ದಿನಗಳ ಜೊತೆ ಇಟ್ಟು ನೋಡಿದೆ. ಕಾಲಂ ಖಾಲಿ ಇದ್ದ ಆ ಮೂರು ದಿನಗಳಲ್ಲಿ ಕೂರಿಸಿದ ಕಲ್ಲು 58. ಅವುಗಳಲ್ಲಿ ಪೋಲಾ ಆದದ್ದು ಒಂದೇ ಒಂದು. ಉಳಿದ 162 ಕಲ್ಲುಗಳೂ ಸ್ನಾನವಾದವು.

ಮಳೆಗಾಲ ಮುಗಿದ ಮೇಲಿನ ಗಂಗೆ ಮಣ್ಣುಬಣ್ಣದ್ದು. ನೀರು ನಿಂತ ತೊಟ್ಟಿಯ ತಳದಲ್ಲಿ ಆ ಮಣ್ಣು ಕೂತು ಕೆಸರಾಗಿತ್ತು. ಕಲ್ಲುಗಳನ್ನು ಮುಖ ಮೇಲಾಗಿ ಮಲಗಿಸುತ್ತಿದ್ದೆವು, ಬೆನ್ನು ಕೆಸರಿಗೆ. ಎತ್ತಿದ ಮೇಲೆ ಒರೆಸುತ್ತಿದ್ದದ್ದು ಕಾಣುವ ಮುಖವನ್ನು ಮಾತ್ರ. ಬೆನ್ನಿಗೆ ಅಂಟಿದ ನುಣ್ಣನೆಯ ಪದರ ಹಾಗೇ ಒಣಗಿತು, ಅದರ ಮೇಲೆ ಗಾರೆ ಬಿತ್ತು. ಗಾರೆ ಹಿಡಿದದ್ದು ಮಣ್ಣನ್ನು, ಕಲ್ಲನ್ನಲ್ಲ. ಮೂವತ್ತು ದಿನ ನಾನು ಆ ತೊಟ್ಟಿಯ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಲೆಕ್ಕ ಬರೆದಿದ್ದೆ.

ಛತ್ರದ ಮ್ಯಾನೇಜರ್ ಶಾಮಣ್ಣನವರಿಗೆ ಮರುದಿನ ಹೇಳಿದೆ. ಅವರು ಇದನ್ನು ಹೆಂಗಸರ ಕಿವಿಗೆ ಹಾಕಬೇಡಿ ಎಂದರು. ಆದರೆ ಹಿತ್ತಿಲಿಗೆ ಹೋಗುವಷ್ಟರಲ್ಲಿ, ಅಲ್ಲಿ ಒಟ್ಟಿದ್ದ ಬಿದ್ದ ಕಲ್ಲುಗಳ ಪಕ್ಕ ಸೀತಮ್ಮ ಕೂತಿದ್ದರು. ಒಂದನ್ನು ಮಗುಚಿ, ಬೆನ್ನ ಮೇಲೆ ಹೆಬ್ಬೆರಳು ಎಳೆದರು. ಬೂದು ಹಿಟ್ಟು ಬೆರಳಿಗೆ ಬಂತು. ಪ್ರವಾಹ ಇಳಿದ ಮೇಲೆ ಪ್ರತಿ ವರ್ಷ ಘಾಟಿನ ಮೆಟ್ಟಿಲ ಮೇಲೆ ಅವರು ಕಾಲಿಡುವುದು ಅದೇ ಮಣ್ಣಿನ ಮೇಲೆ.

"ಇದು ನಾವು ಹೊತ್ತು ತಂದದ್ದು," ಎಂದರು.

ಅವರು ನನ್ನ ಕೈಯಲ್ಲಿದ್ದ ಡೈರಿಯನ್ನು ನೋಡಿದರು.

"ಗಂಗೆ ಕೈಬಿಟ್ಟಳು ಅಂತ ಬರೀಬೇಡ ಕಣೇ. ಮಣ್ಣು ಅಂತ ಬರಿ."

"ನಾನು ನೋಡ್ಲಿಲ್ಲ ಅಂತ ಬರ್ದಿದ್ದೀನಿ ಅಜ್ಜಿ," ಎಂದೆ.

ಮುಂಗೋಡೆಯ ಅಷ್ಟೂ ಕಲ್ಲು ಇಳಿಸುವುದು ಬಿಟ್ಟು ದಾರಿ ಇರಲಿಲ್ಲ. ಛತ್ರಕ್ಕೆ ಇರುವುದು ಒಂದೇ ಬಾಗಿಲು, ಅದು ಆ ಗೋಡೆಯ ಅಡಿಯಲ್ಲೇ. ಮೂರು ವಾರ ಮನೆ ಪೂರ್ತಿ ಖಾಲಿಯಾಗಬೇಕು. ದಾನಿಯೊಬ್ಬರು ಸಾರನಾಥದ ತಮ್ಮ ಅತಿಥಿಗೃಹ ಬಿಟ್ಟುಕೊಟ್ಟರು. ಐದು ಜನ ಒಪ್ಪಿದರು. ಅವರಿಗೆ ಅಂಥ ಸಂಕಲ್ಪ ಇರಲಿಲ್ಲ. ಸಾರನಾಥ ಇರುವುದು ವರುಣಾ ನದಿಯ ಆಚೆ.

ಜೂನ್ 5ರಿಂದ 8ರವರೆಗೆ ನಾನು ಗಡಿಯೊಳಗೆ ಒಂದು ಕೋಣೆಗಾಗಿ ಅಲೆದೆ. ಕೇದಾರ ಘಾಟಿನಿಂದ ವಿಶ್ವನಾಥ ಗಲ್ಲಿಯತನಕ ಹದಿನಾಲ್ಕು ಕಡೆ ಕೇಳಿದೆ. ಏಳು ಕಡೆ ಕೋಣೆ ಇಲ್ಲ, ಐದು ಕಡೆ ಮೂರು ರಾತ್ರಿಗಿಂತ ಹೆಚ್ಚು ಕೊಡುವುದಿಲ್ಲ, ಎರಡು ಕಡೆ ಮೂರನೇ ಮಹಡಿ. ಮೊಣಕಾಲು ಮಡಚಲಾಗದ ಅವರು ಏರುವಂತಿರಲಿಲ್ಲ. ನನ್ನ ಕೋಣೆಗಾದರೂ ಕರೆದೊಯ್ಯೋಣವೆಂದರೆ ಲಂಕಾ ಇರುವುದು ಅಸಿಯ ಆಚೆ. ಮನೆಯೊಳಗೇ ಇರುತ್ತೇನೆ, ಬಾಗಿಲು ಹಾಕಿಕೊಂಡು ಹೋಗಿ ಎಂದರು ಸೀತಮ್ಮ. ಶಾಮಣ್ಣನವರು ಒಪ್ಪಲಿಲ್ಲ.

"ಏನಾದ್ರೂ ಆದ್ರೆ ಜಿಮ್ಮೇದಾರಿ ನನ್ನದಲ್ವೇನಮ್ಮಾ? ಹೊರಗೆ ತರಕ್ಕೆ ಬಾಗಿಲೇ ಇರಲ್ಲ," ಎಂದರು.

ಅವರ ಮಾತೂ ನಿಜ.

ಜೂನ್ 10, ಸೋಮವಾರ, ಬೆಳಿಗ್ಗೆ 6.30. ಸೀತಮ್ಮ ಘಾಟಿಗೆ ಹೋಗಿ ಸ್ನಾನ ಮಾಡಿ ಬಂದರು. "ನಾಲ್ಕು ಸಾವಿರದ ನೂರ ಅರವತ್ತಾರು," ಎಂದರು. ಬರೆದುಕೊಂಡೆ. ಆಟೋದಲ್ಲಿ ನನ್ನ ಪಕ್ಕ ಕೂತರು. ವರುಣಾ ಸೇತುವೆ ಬಂದಾಗ ಟ್ರಾಫಿಕ್ಕಿಗೆ ಆಟೋ ನಿಂತಿತು. ಬೇಸಿಗೆಯ ವರುಣಾ, ಕಪ್ಪಗೆ, ಎರಡೂ ದಡದಲ್ಲಿ ಪ್ಲಾಸ್ಟಿಕ್ಕು. ಹನ್ನೊಂದು ವರ್ಷ ದಾಟದೆ ಇದ್ದ ಆ ನದಿಯನ್ನು ಅವರು ಸರಿಯಾಗಿ ನೋಡಿರಲೇ ಇಲ್ಲ.

"ಇದೇನಾ ವರುಣಾ?"

"ಹೂಂ ಅಜ್ಜಿ."

"ಇಷ್ಟೇ ಅಗಲನಾ," ಎಂದರು. ಆಟೋ ಮುಂದೆ ಹೋಯಿತು.

ಸಾರನಾಥದಲ್ಲಿ ಇಪ್ಪತ್ಮೂರು ರಾತ್ರಿ. ನಾನು ಒಂಬತ್ತು ಸಲ ಹೋಗಿ ಬಂದೆ. ಪ್ರತಿ ಸಲವೂ ಅವರು ಕೇಳುತ್ತಿದ್ದದ್ದು ಒಂದೇ: ರಾತ್ರಿ ಏನಾದರೂ ಆದರೆ, ಉಸಿರಿರುವಾಗಲೇ ವರುಣಾ ದಾಟಿಸುತ್ತೀಯಾ? ಸೇತುವೆಗೆ ಇಲ್ಲಿಂದ ಐದು ಕಿಲೋಮೀಟರು, ಆಟೋದವನ ನಂಬರು ಇದೆ ಎಂದು ನಾನು ಹೇಳುತ್ತಿದ್ದೆ. ಅದಕ್ಕಿಂತ ಹೆಚ್ಚಿನದೇನೂ ನನ್ನ ಹತ್ತಿರ ಇರಲಿಲ್ಲ. ಇತ್ತ ರಾಮ್‌ಧನಿ ಕಲ್ಲು ಇಳಿಸಿದರು. ಇಳಿಸಿದ ಪ್ರತಿ ಕಲ್ಲಿನ ಬೆನ್ನನ್ನೂ ನನಗೆ ತೋರಿಸಿ ಕೆಳಗಿಡುತ್ತಿದ್ದರು.

ಜುಲೈ 3, ಬುಧವಾರ, ಬರಿ ಸುಣ್ಣದ ಗಾರೆ ಬಳಿದ ಗೋಡೆಯ ಕೆಳಗಿನಿಂದ ಆರೂ ಜನ ಒಳಗೆ ಬಂದರು. ಗಲ್ಲಿಯ ಪುರೋಹಿತರು ಪ್ರಾಯಶ್ಚಿತ್ತ ಮಾಡಿಸಿ, ಸಂಕಲ್ಪವನ್ನು ಹೊಸದಾಗಿ ಮಾಡಬೇಕು, ಹಳೆಯದು ಲೆಕ್ಕಕ್ಕಿಲ್ಲ ಎಂದಿದ್ದರು. ಸೀತಮ್ಮ ಸ್ನಾನ ಮುಗಿಸಿ ಬಂದು ಕಟ್ಟೆಯ ಮೇಲೆ ಕೂತರು. ನಾನು ರೂಢಿಯಂತೆ ಡೈರಿ ತೆಗೆದೆ.

"ಇವತ್ತು ಒಂದು ಅಂತ ಬರಿ," ಎಂದರು.

ಕಲ್ಲು ಕೂರಿಸುವ ಮೊದಲು ಅದನ್ನು ಮಗುಚಿ ನೋಡಬೇಕು. ಈಗ ಯಾವ ಸೈಟಿನಲ್ಲೂ ಇದನ್ನು ನಾನು ಬೇರೆಯವರಿಗೆ ಬಿಡುವುದಿಲ್ಲ. ಕಾಲಂ ಹಾಕಿ ಬರೆದರಷ್ಟೇ ಸಾಲದು, ಅದನ್ನು ವಾರಕ್ಕೊಮ್ಮೆ ಕೂತು ಓದಬೇಕು ಎನ್ನುವುದನ್ನೂ ಕಲಿತೆ. ಕಲಿತದ್ದರಿಂದ ನಾಲ್ಕು ಸಾವಿರದ ನೂರ ಅರವತ್ತಾರು ದಿನ ಹಿಂದಕ್ಕೆ ಬರಲಿಲ್ಲ.

ಇದನ್ನೆಲ್ಲ ಈಗ ಬರೆಯಲು ಕಾರಣ ಓಣಿಗೋಡೆ. ಆಗ ಅಲ್ಲಿನ 96 ಕಲ್ಲುಗಳನ್ನು ತಟ್ಟಿದಾಗ ಒಂದೂ ಪೋಲಾ ಇರಲಿಲ್ಲ. ನವೆಂಬರ್ ಕೊನೆಗೆ ಗಂಗೆ ತಿಳಿಯಾಗಿದ್ದಳು, ಆದ್ದರಿಂದ ಅವು ಸುರಕ್ಷಿತ ಎಂದು ಬಿಟ್ಟುಬಿಟ್ಟೆ. ನೀರು ತಿಳಿಯಾಗಿತ್ತು ನಿಜ, ತೊಟ್ಟಿಯ ತಳವನ್ನು ಯಾರೂ ತೊಳೆದಿರಲಿಲ್ಲ. ಈ ಆಗಸ್ಟಿನಲ್ಲಿ 3 ಪೋಲಾ ಸಿಕ್ಕವು, ಅಕ್ಟೋಬರಿನಲ್ಲಿ 5, ಇವತ್ತು 2025ರ ನವೆಂಬರ್ 2ರಂದು 9. ಒಂಬತ್ತೂ ಸೀತಮ್ಮನವರ ಕಿಟಕಿಯ ಮೇಲಿವೆ. ಸದ್ಯಕ್ಕೆ ಕೆಳಗೆ ತಗಡು ಕಟ್ಟಿಸಿದ್ದೇನೆ. ಆ ಓಣಿ ತೋಳಗಲದ್ದು, ಗಲ್ಲಿಯಿಂದ ಮುಂಬಾಗಿಲಿಗೆ ಬರಲು ಇರುವುದು ಅದೊಂದೇ. ಸಾರುವೆ ಹಾಕಿದರೆ ಬಾಗಿಲಿಗೆ ಬರುವ ದಾರಿಯೇ ಮುಚ್ಚುತ್ತದೆ, ಮತ್ತೆ ಮನೆ ಖಾಲಿ ಮಾಡಿಸಬೇಕು.

ಡ್ರಿಲ್ಲಿಗೆ ಪುಡಿಯಾಗುವ ಇಂಥ ಹಳೆಯ ಇಟ್ಟಿಗೆಯ ಗೋಡೆಯ ಮೇಲೆ, ಬೆನ್ನಿಗೆ ಮಣ್ಣಂಟಿದ ಕಲ್ಲನ್ನು ಇದ್ದಲ್ಲೇ ಹಿಡಿದಿಡುವ ದಾರಿ ಬಲ್ಲವರು ಓದುಗರಲ್ಲಿ ಯಾರಾದರೂ ಇರಬಹುದು. ಹಳೆಯ ಕಟ್ಟಡಗಳ ಕೆಲಸ ಮಾಡಿದ ಇಂಜಿನಿಯರುಗಳು, ಕಲ್ಲಿನ ಕೆಲಸದವರು, ಯಾರೇ ಆಗಲಿ, ದಯವಿಟ್ಟು ಈ ಪತ್ರಿಕೆಯ ಮೂಲಕ ನನಗೆ ಬರೆಯಿರಿ. ಬೇಸಿಗೆಗೆ ಮೊದಲು ಬರೆಯಿರಿ. ಸೀತಮ್ಮನವರ ಲೆಕ್ಕ ಇವತ್ತಿಗೆ ನಾನೂರ ಎಂಬತ್ತೆಂಟು.