ಬಿಟ್ಟದ್ದು ಬದನೆಕಾಯಿ

ದೆಹಲಿ ಪಕ್ಕದ ಇಂದಿರಾಪುರಂನಲ್ಲಿ ನಮ್ಮ ಎದುರು ಫ್ಲ್ಯಾಟಿನಲ್ಲಿದ್ದವಳು ಮಧ್ಯಾಹ್ನ ಇಂಗ್ಲಿಷ್ ಕಲಿಯಲು ನನ್ನ ಬಳಿ ಬರುತ್ತಿದ್ದಳು. ಮದುವೆಗೆ ಮುಂಚೆ ತುಮಕೂರಿನಲ್ಲಿ ಟೀಚರ್ ಆಗಿದ್ದವಳಿಗೆ ಇಲ್ಲಿಯ ನರ್ಸರಿ ಶಾಲೆಯಲ್ಲಿ ಕೆಲಸ ಬೇಕಿತ್ತು. ಪದ ಸಿಗದಿದ್ದರೆ ಬಳೆಗಳನ್ನು ಮೊಣಕೈವರೆಗೂ ಸರಿಸುವಳು.

ಒಂದು ದಿನ ‘ಗಿವ್ ಅಪ್’ ಬಂತು. ಮೆಟ್ರೋದಲ್ಲಿ ಸೀಟು ಬಿಟ್ಟುಕೊಡುವುದು, ಸಿಗರೇಟು ಬಿಡುವುದು, ಸೋತು ಕೈಚೆಲ್ಲುವುದು, ಎಲ್ಲಕ್ಕೂ ಇದೇ ಎಂದೆ.

“ಅದು ಹೇಗಕ್ಕ? ಅದೇ ಬೇರೆ, ಇದೇ ಬೇರೆ,” ಎಂದಳು. ಯಾವ ಪಾಠಕ್ಕೂ ಅವಳದು ಇದೇ ಮಾತು. ಕಾಶಿಗೆ ಹೋದವರು ಇಷ್ಟದ್ದೊಂದನ್ನು ಬಿಟ್ಟು ಬರಬೇಕಲ್ಲ, ಅವಳು ಪ್ರಾಣದಂಥ ಬದನೆಕಾಯಿ ಬಿಟ್ಟು ಬಂದಿದ್ದಳು. ಬಿಡುವುದೆಂದರೆ ಅವಳ ಪಾಲಿಗೆ ಅದೊಂದೇ.

ಇಂಟರ್‌ವ್ಯೂ ಮುಗಿಸಿ ಚಪ್ಪಲಿ ಕಾಲಲ್ಲೇ ನನ್ನ ಅಡುಗೆಮನೆಗೆ ನುಗ್ಗಿದಳು.

“ಟೀಚಿಂಗ್ ಯಾಕೆ ಗಿವ್ ಅಪ್ ಮಾಡಿದ್ರಿ ಅಂತ ಪ್ರಿನ್ಸಿಪಾಲ್ ಕೇಳಿದ್ರು ಅಕ್ಕ.”

“ಏನಂದೆ?”

“ಗಿವ್ ಅಪ್ ಮಾಡಿದ್ದು ಬದನೆಕಾಯಿ ಮೇಡಂ, ಟೀಚಿಂಗ್ ಸುಮ್ನೆ ನಿಂತಿತ್ತು ಅಂದೆ. ಇಂಗ್ಲಿಷಲ್ಲೇ.”

ನಾನು ಗ್ಯಾಸ್ ಆರಿಸಿದೆ. “ಅದಕ್ಕೆ ಅವರು?”

“ತುಂಬಾ ಹೊತ್ತು ನಕ್ಕರು. ಸರಿ ಅಕ್ಕ, ಸೋಮವಾರದಿಂದ ಬೆಳಿಗ್ಗೆ ಏಳಕ್ಕೇ ಶಾಲೆಲಿರಬೇಕು. ನನ್ನ ಹಾಲಿನ ಪ್ಯಾಕೆಟ್ ನೀವೇ ಒಳಗಿಟ್ಕೊಳ್ಳಿ.”