ಹಳದಿಯಾಗುವ ಬಿಳಿ ಬೆಡ್‌ಶೀಟುಗಳು

“ಇನ್ನೊಂದು ಮುಚ್ಚಳ ಬ್ಲೀಚ್ ಹಾಕ್ಬಿಡ್ಲಾ?”

“ಬೇಡ ಚಿಕ್ಕಮ್ಮ. ನೀನು ಹಾಕಿದಷ್ಟೂ ಹಳದಿ ಜಾಸ್ತಿ ಆಗ್ತಿದೆ.”

ಚಿಕ್ಕಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಲಾಂಡ್ರಿ ನಡೆಸುವವಳಿಗೆ ಬ್ಲೀಚ್ ಬೇಡ ಅನ್ನುವುದು ಅಡುಗೆಯವನಿಗೆ ಉಪ್ಪು ಬೇಡ ಅಂದ ಹಾಗೆ. ಆದರೆ ನನಗೆ ಖುಷಿ ತಡೆಯಲಾಗುತ್ತಿರಲಿಲ್ಲ, ಯಾಕೆಂದರೆ ಹಿಂದಿನ ದಿನವಷ್ಟೇ ಕಾಲೇಜಿನ ಲ್ಯಾಬಿನಲ್ಲಿ ಇದೇ ಪಾಠವಾಗಿತ್ತು. ಅವಳ ಹೊಸ ಕೊಳವೆಬಾವಿಯ ನೀರು ಆಳದ ಕಲ್ಲುಗಳ ಸಂದಿಯಲ್ಲಿ ಗಾಳಿಯೇ ಇಲ್ಲದೆ ಕೂತು, ಅವುಗಳ ಕಬ್ಬಿಣವನ್ನು ಕರಗಿಸಿಕೊಂಡು ಮೇಲೆ ಬರುತ್ತದೆ. ಬಕೆಟ್ಟಿನಲ್ಲಿ ನೋಡಿದರೆ ಗಾಜಿನಂತಿದೆ. ಬ್ಲೀಚ್ ಬಿದ್ದದ್ದೇ ತಡ, ಆ ಕಬ್ಬಿಣ ತುಕ್ಕಾಗಿ ಬಟ್ಟೆಯ ನೂಲಿಗೇ ಕಚ್ಚಿಕೊಳ್ಳುತ್ತದೆ.

ಅವಳಿಗೆ ಬೆಡ್‌ಶೀಟು ಒಗೆಯಲು ಕೊಡುವ ಹೋಟೆಲಿನ ಮ್ಯಾನೇಜರ್ ಆಗಲೇ ಎರಡು ಸಲ ಗಂಟು ವಾಪಸ್ ಕಳಿಸಿದ್ದ. ಮತ್ತೆ ಹಳದಿ ಬಂದರೆ ಬೇರೆ ಲಾಂಡ್ರಿ ನೋಡಿಕೊಳ್ಳುತ್ತೇನೆ ಎಂದಿದ್ದ. ಆ ಹೋಟೆಲ್ ಕೈಬಿಟ್ಟರೆ ಚಿಕ್ಕಮ್ಮ ಅಂಗಡಿ ಮುಚ್ಚಬೇಕು. ಮೊದಲೇ ಅವಳದು ಕಾಲಿಗೆ ಚಕ್ರ ಕಟ್ಟಿಕೊಂಡ ಜೀವ. ಕೂತು ಟೀ ಕುಡಿದದ್ದನ್ನು ಯಾರೂ ಕಂಡಿಲ್ಲ. ಮದುವೆ ಫೋಟೋದಲ್ಲೂ ಇವಳೊಬ್ಬಳು ಅಲ್ಲಾಡಿದ್ದಾಳೆ ಎಂದು ಚಿಕ್ಕಪ್ಪ ಈಗಲೂ ಆಡಿಕೊಳ್ಳುತ್ತಾರೆ.

ನೀರನ್ನು ಎತ್ತರದಿಂದ ಸುರಿದು ಗಾಳಿ ತಾಗಿಸಬೇಕು, ರಾತ್ರಿಯಿಡೀ ತೊಟ್ಟಿಯಲ್ಲಿ ಬಿಡಬೇಕು, ತುಕ್ಕು ತಳ ಸೇರಿದ ಮೇಲೆ ಮೇಲಿನ ನೀರನ್ನಷ್ಟೇ ತೆಗೆಯಬೇಕು ಎಂದೆ. ಸುರಿಯುವ ಕೆಲಸ ಅವಳಿಗೆ ಬಹಳ ಇಷ್ಟವಾಯಿತು. ಸುಮ್ಮನೆ ಬಿಡುವುದು ಮಾತ್ರ ಆಗಲಿಲ್ಲ. ಬೆಳಿಗ್ಗೆ ಹೋದರೆ ತೊಟ್ಟಿ ತುಂಬ ಟೀ ಬಣ್ಣದ ನೀರು.

“ಕೋಲು ಹಾಕಿದ್ಯಾ?”

“ಮತ್ತೆ, ತಳ ಸೇರ್ತೋ ಇಲ್ವೋ ಅಂತ ನೋಡೋದು ಬೇಡ್ವಾ?”

ಚಿಕ್ಕಪ್ಪ ಕೋಲು ಕಿತ್ತುಕೊಂಡು, ಅವಳನ್ನು ಅಕ್ಕನ ಮನೆಗೆ, ಅಂದರೆ ನಮ್ಮ ಮನೆಗೆ, ಅಟ್ಟಿದರು. ಇಲ್ಲಿ ಅವಳು ಅಮ್ಮನ ಬೀರು ಖಾಲಿ ಮಾಡಿ, ಮಡಚಿಟ್ಟಿದ್ದ ಬಟ್ಟೆಗಳನ್ನೆಲ್ಲ ಮತ್ತೆ ಮಡಚಿದಳು.

ಮರುದಿನ ತೊಟ್ಟಿಯ ತಳದಲ್ಲಿ ಕಂದು ಕೆಸರು, ಮೇಲೆ ತಿಳಿನೀರು. ಆ ನೀರಲ್ಲಿ ಒಂದೇ ಒಂದು ದಿಂಬಿನ ಕವರ್ ಒಗೆದೆವು. ಬೆಳ್ಳಗೆ ಬಂತು. ಮ್ಯಾನೇಜರ್ ಅದನ್ನು ಕಿಟಕಿಗೆ ಹಿಡಿದು ನೋಡಿ, ಮುಂದಿನ ಸೋಮವಾರ ಒಂದು ಮಹಡಿಯ ಬೆಡ್‌ಶೀಟು ಕೊಡುತ್ತೇನೆ, ಅದೂ ಹೀಗೇ ಬಂದರೆ ನೀವೇ ಮುಂದುವರಿಸಿ ಎಂದ.

“ಭಾನುವಾರ ಸಂಜೆಗೇ ಬಂದ್ಬಿಡು,” ಎಂದಳು ಚಿಕ್ಕಮ್ಮ, ಕೋಲನ್ನು ನನ್ನ ಕೈಗಿಡುತ್ತ. “ತೊಟ್ಟಿ ಮುಂದೆ ಕೂತ್ಕೊ. ನಾನು ಹತ್ರ ಬಂದ್ರೆ ಓಡಿಸು.”

ಬರುತ್ತೇನೆ ಎಂದೆ. ಅಷ್ಟರಲ್ಲಿ ಅವಳು ಆಗಲೇ ಖಾಲಿ ಬಕೆಟ್ ಹಿಡಿದು ಆಚೆ ಹೊರಟಿದ್ದಳು.